ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಒಳನಾಡು: ಅಪಘಾತಗಳು ಮತ್ತು ತುರ್ತು ಸಂದೇಶ ವ್ಯವಸ್ಥೆ

ಬೆಳಗಾವಿ ಜಿಲ್ಲೆಯ ಆಗ್ನೇಯ ಭಾಗವನ್ನು ಆವರಿಸಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಊರಿನ ಹೊರಗೆ, ಅಂದರೆ ಹೊಲ, ತೋಟದ ಮನೆ, ಹಳ್ಳದ ದಂಡೆ, ಗುಡ್ಡ, ಕುರಿದೊಡ್ಡಿ ಮತ್ತು ಯಾತ್ರೆಯ ದಾರಿಗಳಲ್ಲಿ ಸಂಭವಿಸುವ ಅಪಘಾತಗಳು, ಅವುಗಳ ಸುದ್ದಿ ನೆರವು ನೀಡಬಲ್ಲವರಿಗೆ ಮುಟ್ಟುವ ಬಗೆ ಮತ್ತು ನೆರವು ಸ್ಥಳಕ್ಕೆ ತಲುಪುವ ಬಗೆ ಈ ಲೇಖನದ ವಿಷಯ. ಹಿಮಾಲಯದ ಕಣಿವೆಗಳಂತೆ ಇದು ಜನವಸತಿಯಿಂದ ನೂರಾರು ಕಿಲೋಮೀಟರು ದೂರವಿರುವ ನಾಡಲ್ಲ. ಆದರೂ ಮಳೆ ಬಿದ್ದ ರಾತ್ರಿ ಎರೆ ಹೊಲದ ನಡುವೆ ಹಾವು ಕಡಿದವನಿಗೆ ಮೂರು ಕಿಲೋಮೀಟರು ಆಚೆಯ ಡಾಂಬರು ರಸ್ತೆಯೂ ಬಹಳ ದೂರವೇ ಆಗಿರುತ್ತದೆ. ದುರ್ಗಮತೆಯನ್ನು ಇಲ್ಲಿ ಹರದಾರಿಯಿಂದಲ್ಲದೆ ತಗಲುವ ಹೊತ್ತಿನಿಂದ ಅಳೆಯಬೇಕಾಗುತ್ತದೆ.

ತುರ್ತು ಸಂದೇಶ ವ್ಯವಸ್ಥೆಗೆ ಮೂರು ಹಂತಗಳಿವೆ: ಸುದ್ದಿ ಮುಟ್ಟುವುದು, ಜಾಗ ಗೊತ್ತಾಗುವುದು ಮತ್ತು ನೆರವು ತಲುಪುವುದು. ಮೊಬೈಲು ಫೋನು ಬಂದ ಮೇಲೆ ಮೊದಲನೆಯ ಹಂತ ಬಹುಮಟ್ಟಿಗೆ ಸುಲಭವಾಗಿದೆ. ಉಳಿದೆರಡು ಹಂತಗಳು ಅದೇ ವೇಗದಲ್ಲಿ ಸುಧಾರಿಸಿಲ್ಲ. ಈ ಸೀಮೆಯ ಅಪಘಾತಗಳಲ್ಲಿ ಪ್ರಾಣ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಈ ಎರಡು ಹಂತಗಳಲ್ಲಿಯೇ ನಿರ್ಧಾರವಾಗುತ್ತದೆ.

ಪ್ರದೇಶದ ಸ್ವರೂಪ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭಾ ನದಿ ಎಂ.ಕೆ. ಹುಬ್ಬಳ್ಳಿಯ ಬಳಿ ರಾಷ್ಟ್ರೀಯ ಹೆದ್ದಾರಿಯನ್ನು ದಾಟಿ, ಬೈಲಹೊಂಗಲ ಸೀಮೆಯನ್ನು ಹಾದು, ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿನಿಂದ ಉಂಟಾದ ರೇಣುಕಾಸಾಗರವನ್ನು ಸೇರುತ್ತದೆ. ಅಲ್ಲಿಂದ ಮುಂದೆ ಮುನವಳ್ಳಿ, ತೊರಗಲ್ಲು, ರಾಮದುರ್ಗಗಳ ಮಗ್ಗುಲಲ್ಲಿ ಹರಿದು ಬಾದಾಮಿ ಸೀಮೆಗೆ ಇಳಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ನದಿಯ ತಲೆಯಲ್ಲಿ ಸಹ್ಯಾದ್ರಿಯ ಭಾರಿ ಮಳೆಯೂ ಕೆಳಗಿನ ರಾಮದುರ್ಗದಲ್ಲಿ ಮಳೆನೆರಳಿನ ಒಣಹವೆಯೂ ಇರುವುದರಿಂದ, ತಮ್ಮ ಊರಿನಲ್ಲಿ ಹನಿ ಬೀಳದಿದ್ದರೂ ಜನ ಹೊಳೆಯ ಏರಿಕೆಗೆ ಸಿಲುಕುವ ವಿಚಿತ್ರ ಸ್ಥಿತಿ ಇಲ್ಲಿದೆ.

ಕಿತ್ತೂರಿನ ಪಶ್ಚಿಮದಂಚು ಖಾನಾಪುರದ ಕಾಡಿಗೆ ತಾಗಿಕೊಂಡಿದೆ. ಬೈಲಹೊಂಗಲ ಮತ್ತು ಸವದತ್ತಿಗಳ ಬಹುಭಾಗ ಎರೆಭೂಮಿ. ಒಣಗಿದಾಗ ಬಿರುಕು ಬಿಡುವ ಈ ಕಪ್ಪು ಮಣ್ಣು ಒಂದು ಹದ ಮಳೆಗೆ ಅಂಟಾಗಿ, ಬಂಡಿಯ ಗಾಲಿ, ಟ್ರ್ಯಾಕ್ಟರಿನ ಗಾಲಿ, ಮನುಷ್ಯನ ಕಾಲು ಎಲ್ಲವನ್ನೂ ಹಿಡಿದು ನಿಲ್ಲಿಸುತ್ತದೆ. ಸವದತ್ತಿ ಮತ್ತು ರಾಮದುರ್ಗಗಳಲ್ಲಿ ಮರಳುಗಲ್ಲಿನ ಗುಡ್ಡಗಳ ಸಾಲು, ಕಡಿದಾದ ಕೊಳ್ಳಗಳು ಮತ್ತು ಮಳೆಗಾಲದಲ್ಲಷ್ಟೇ ತುಂಬಿ ಹರಿಯುವ ಹಳ್ಳಗಳಿವೆ. ಯಲ್ಲಮ್ಮನ ಗುಡ್ಡ, ಪರಸಗಡ, ನವಿಲುತೀರ್ಥದ ಕಂದರ, ಸೊಗಲದ ಜಲಪಾತ, ಸುರೇಬಾನ ಬಳಿಯ ಶಬರಿಕೊಳ್ಳ ಇವೆಲ್ಲ ಈ ಭೂರಚನೆಯ ಫಲಗಳು ಮತ್ತು ಜನ ಸೇರುವ ತಾಣಗಳು.

ನೀರಾವರಿ ಹರಡಿದಂತೆ ಊರೊಳಗೆ ಇದ್ದ ಅನೇಕ ಕುಟುಂಬಗಳು ಹೊಲದಲ್ಲಿಯೇ ಮನೆ ಕಟ್ಟಿಕೊಂಡಿವೆ. ಕಬ್ಬಿನ ಬೆಳೆ ಎದೆಯೆತ್ತರವನ್ನು ಮೀರಿ ಬೆಳೆದಾಗ ಇಂಥ ತೋಟದ ಮನೆಗಳು ರಸ್ತೆಯಿಂದ ಕಾಣುವುದೂ ಇಲ್ಲ, ಅಲ್ಲಿನ ಕೂಗು ಪಕ್ಕದ ಮನೆಗೆ ಕೇಳುವುದೂ ಇಲ್ಲ.

ಸುದ್ದಿ ಮುಟ್ಟಿಸುತ್ತಿದ್ದ ಹಳೆಯ ಕ್ರಮಗಳು

ಯಂತ್ರಗಳು ಬರುವ ಮುಂಚೆ ಈ ಸೀಮೆಯಲ್ಲಿ ತುರ್ತು ಸುದ್ದಿಯನ್ನು ಸಾಗಿಸುವ ಹೊಣೆ ಗೊತ್ತಾದ ಜನರ ಮೇಲಿತ್ತು. ಹಳ್ಳಿಯ ತಳವಾರರು ಮತ್ತು ವಾಲೀಕಾರರು ಗಸ್ತು ತಿರುಗುವುದು, ಡಂಗುರ ಸಾರುವುದು, ಹೊಳೆ ಏರಿದಾಗ ಊರಿಗೆ ತಿಳಿಸುವುದು, ದಾರಿಯಲ್ಲಿ ಬಿದ್ದ ಹೆಣ ಅಥವಾ ಗಾಯಾಳುವಿನ ಸುದ್ದಿಯನ್ನು ಗೌಡ ಕುಲಕರ್ಣಿಗಳಿಗೆ ಮುಟ್ಟಿಸುವುದು ಮೊದಲಾದ ಕೆಲಸಗಳನ್ನು ಮಾಡುತ್ತಿದ್ದರು. ಕಿತ್ತೂರು ಸಂಸ್ಥಾನದಲ್ಲಿ ಭೂಮಿಯ ಸನದು ಪಡೆದು ಕಾವಲು ಮತ್ತು ಯುದ್ಧಸೇವೆ ಸಲ್ಲಿಸುತ್ತಿದ್ದ ಶೇತಸನದಿಗಳೆಂಬ ವರ್ಗವಿತ್ತು. ಬ್ರಿಟಿಷರ ವಿರುದ್ಧ ಹೋರಾಡಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ ಈ ವರ್ಗಕ್ಕೆ ಸೇರಿದವನು. ಪ್ರತಿ ಗುಡ್ಡ, ಹಳ್ಳ, ಕಾಲುದಾರಿಯ ಪರಿಚಯ ಇಂಥವರಿಗೆ ಇದ್ದುದರಿಂದ ಜಾಗ ಯಾವುದೆಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಸ್ವಾತಂತ್ರ್ಯಾನಂತರ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ 1961ರ ಕಾನೂನು ಬಂದು, ಹುಟ್ಟಿನಿಂದ ಬರುವ ಕಟ್ಟುಪಾಡು ತೊಲಗಿದ್ದು ನ್ಯಾಯವೇ ಆಗಿತ್ತು. ಆದರೆ ಸುದ್ದಿಗೆ ಹೊಣೆಗಾರನಾದ ಒಬ್ಬ ಮನುಷ್ಯ ಪ್ರತಿ ಊರಿಗೂ ಇರಬೇಕೆಂಬ ಅಗತ್ಯ ಹಾಗೆಯೇ ಉಳಿಯಿತು.

ಅಂಚೆಕಚೇರಿಯ ತಂತಿ, ಪೊಲೀಸ್ ಠಾಣೆಯ ವೈರ್‌ಲೆಸ್, ಪಂಚಾಯತಿಯ ಒಂದೇ ದೂರವಾಣಿ, ಆಮೇಲೆ ಎಸ್‌ಟಿಡಿ ಬೂತು ಹೀಗೆ ಒಂದೊಂದೇ ಸಾಧನ ಬಂದವು. ತಂತಿ ಸೇವೆ 2013ರ ಜುಲೈನಲ್ಲಿ ದೇಶದಾದ್ಯಂತ ನಿಂತಿತು. ಗುಡಿಯ ಮತ್ತು ಮಸೀದಿಯ ಧ್ವನಿವರ್ಧಕಗಳು ಮಾತ್ರ ಇಂದಿಗೂ ಊರಿಗೆ ಊರನ್ನೇ ಒಮ್ಮೆಲೇ ಎಚ್ಚರಿಸಬಲ್ಲ ಸಾಧನಗಳಾಗಿ ಉಳಿದಿವೆ, ಹೊಳೆ ಏರುವ ಸುದ್ದಿಯನ್ನು ಪಂಚಾಯತಿಯ ಡಂಗುರದ ಜೊತೆಗೆ ಇವುಗಳಿಂದಲೂ ಸಾರಲಾಗುತ್ತದೆ.

ಅಪಘಾತಗಳ ಬಗೆಗಳು

ನದಿ ಮತ್ತು ಹಳ್ಳಗಳ ಪ್ರವಾಹ. 1970ರ ದಶಕದ ಆರಂಭದಲ್ಲಿ ಸಿದ್ಧವಾದ ನವಿಲುತೀರ್ಥದ ಅಣೆಕಟ್ಟಿನ ಸಂಗ್ರಹ ಸಾಮರ್ಥ್ಯ ಸುಮಾರು 37 ಟಿಎಂಸಿ ಅಡಿ. ಅನೇಕ ವರ್ಷ ಅದು ತುಂಬುವುದೇ ಇಲ್ಲವಾದ್ದರಿಂದ ಕೆಳಗಿನ ಊರುಗಳ ಜನ ನದಿಯ ಪಾತ್ರಕ್ಕೆ ಹತ್ತಿರವೇ ಬೇಸಾಯ ಮಾಡುವುದು, ಮನೆ ಕಟ್ಟುವುದು ರೂಢಿಯಾಯಿತು. ತುಂಬಿದ ವರ್ಷ ಮಾತ್ರ ನೀರು ತನ್ನ ಹಳೆಯ ಜಾಗವನ್ನು ಮರಳಿ ಕೇಳುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ಮಹಾಪೂರದಲ್ಲಿ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಮುಳುಗಿದ ಊರುಗಳ ಪುನರ್ವಸತಿಗಾಗಿ ಸರ್ಕಾರ ಆಸರೆ ಯೋಜನೆಯನ್ನು ಕೈಗೊಂಡಿತು. 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ ಭಾರಿ ಪ್ರಮಾಣದ ನೀರನ್ನು ಬಿಟ್ಟಾಗ ಮುನವಳ್ಳಿ ಮತ್ತು ರಾಮದುರ್ಗಗಳ ನದಿದಂಡೆಯ ಬಡಾವಣೆಗಳೂ ಕೆಳಗಿನ ಹಳ್ಳಿಗಳೂ ಜಲಾವೃತವಾದವು. ಅದೇ ದಿನಗಳಲ್ಲಿ ಬೆಳಗಾವಿ ತಾಲ್ಲೂಕಿನ ಕಬಲಾಪುರದಲ್ಲಿ ಹಳ್ಳದ ನೀರಿನ ನಡುವೆ ಸಿಕ್ಕಿಕೊಂಡ ದಂಪತಿಯ ಸುದ್ದಿ ಎಲ್ಲರಿಗೂ ತಲುಪಿದ್ದರೂ, ಸೆಳವು ಎಷ್ಟು ಜೋರಾಗಿತ್ತೆಂದರೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಅವರನ್ನು ಹೊರತರುವ ಹೊತ್ತಿಗೆ ದಿನಗಳೇ ಕಳೆದಿದ್ದವು. ನದಿಯ ಏರಿಕೆಗೆ ಕೆಲವು ತಾಸುಗಳ ಮುನ್ಸೂಚನೆಯಾದರೂ ಇರುತ್ತದೆ. ಹಳ್ಳಗಳಿಗೆ ಅದೂ ಇಲ್ಲ. ಮೇಲಿನ ಗುಡ್ಡದಲ್ಲಿ ಸುರಿದ ಮಳೆ ಅರ್ಧ ತಾಸಿನಲ್ಲಿ ತಗ್ಗು ಸೇತುವೆಯನ್ನು ಮುಳುಗಿಸುತ್ತದೆ. ಮೊಣಕಾಲಮಟ್ಟದ ನೀರೆಂದು ನಂಬಿ ಬೈಕು ಅಥವಾ ಬಂಡಿ ಇಳಿಸಿದವರು ಕೊಚ್ಚಿಹೋಗುವುದು ಪ್ರತಿ ಮಳೆಗಾಲದಲ್ಲಿ ಉತ್ತರ ಕರ್ನಾಟಕದಿಂದ ವರದಿಯಾಗುವ ದುರಂತ.

ಸಿಡಿಲು. ಏಪ್ರಿಲ್ ಮತ್ತು ಮೇ ತಿಂಗಳ ಅಡ್ಡಮಳೆಗಳ ಕಾಲದಲ್ಲಿ, ಮತ್ತೆ ಹಿಂಗಾರಿನ ಹೊತ್ತಿಗೆ ಬಯಲು ಸೀಮೆಯಲ್ಲಿ ಸಿಡಿಲಿನ ಸಾವುಗಳು ಹೆಚ್ಚು. ಬಯಲಿನಲ್ಲಿ ನಿಂತ ರೈತ, ಒಂಟಿ ಮರದಡಿ ಆಸರೆ ಪಡೆದ ಕೂಲಿಕಾರರು, ಹಿಂಡಿನೊಂದಿಗೆ ತಿರುಗುವ ಕುರಿಗಾಹಿಗಳು ಇದಕ್ಕೆ ಸುಲಭವಾಗಿ ಸಿಲುಕುತ್ತಾರೆ. ಮಿಂಚು ಕಂಡು ಗುಡುಗು ಕೇಳುವ ನಡುವಣ ಅವಧಿ ಮೂವತ್ತು ಸೆಕೆಂಡಿಗಿಂತ ಕಡಿಮೆಯಿದ್ದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರಿನೊಳಗೆ ಇದೆಯೆಂದು ತಿಳಿದು ಪಕ್ಕಾ ಮನೆಯೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ ಮೇಲೆಯೂ ಅರ್ಧ ತಾಸು ಹೊರಬರಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ ಕೂಡಲೇ ಎದೆ ಒತ್ತಿ ಉಸಿರು ತುಂಬಿದರೆ ನಿಂತ ಹೃದಯ ಮತ್ತೆ ಬಡಿಯುವ ಸಾಧ್ಯತೆ ಇರುತ್ತದೆ.

ಹಾವು ಕಡಿತ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳಿಂದಲೇ ಬಹುಪಾಲು ಸಾವುಗಳು ಸಂಭವಿಸುತ್ತವೆ. ಪಂಪ್‌ಸೆಟ್ಟುಗಳಿಗೆ ತ್ರೀಫೇಸ್ ವಿದ್ಯುತ್ತು ಪಾಳಿಯ ಮೇಲೆ, ಹಲವೊಮ್ಮೆ ರಾತ್ರಿ ಹೊತ್ತಿನಲ್ಲಿ ಬರುವುದರಿಂದ ನೀರು ಹಾಯಿಸಲು ಕತ್ತಲಲ್ಲಿ ಹೊಲಕ್ಕೆ ಹೋಗುವುದು ಅನಿವಾರ್ಯವಾಗಿ, ಹಾವು ಮತ್ತು ವಿದ್ಯುತ್ ಆಘಾತ ಎರಡರ ಅಪಾಯವೂ ಒಟ್ಟಿಗೆ ಎದುರಾಗುತ್ತದೆ. ಕಟ್ಟುಹಾವಿನ ಕಡಿತ ನೋವಿಲ್ಲದ್ದು. ನೆಲದ ಮೇಲೆ ಮಲಗಿದವರು ಕಡಿತವಾದುದನ್ನೇ ಅರಿಯದೆ ನಸುಕಿನಲ್ಲಿ ಹೊಟ್ಟೆನೋವು, ರೆಪ್ಪೆ ಮೇಲೆತ್ತಲಾಗದ ಸ್ಥಿತಿಯೊಂದಿಗೆ ಎಚ್ಚರಗೊಳ್ಳಬಹುದು. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ವಿಷ ಹೀರುವುದು ಇವೆಲ್ಲ ಹಾನಿಕಾರಕ; ಕಡಿತವಾದ ಕೈ ಅಥವಾ ಕಾಲನ್ನು ದಬ್ಬೆ ಕಟ್ಟಿ ಅಲುಗಾಡದಂತೆ ಇರಿಸಿ ಆಸ್ಪತ್ರೆಗೆ ಒಯ್ಯುವುದೊಂದೇ ಸರಿಯಾದ ದಾರಿ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳು ಕೇಂದ್ರ ಸರ್ಕಾರ 2030ರ ಹೊತ್ತಿಗೆ ಈ ಸಾವುಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಕಾರ್ಯಯೋಜನೆಯನ್ನು ಪ್ರಕಟಿಸಿತು.

ಕೃಷಿ ಯಂತ್ರ, ವಿದ್ಯುತ್ತು, ಬಾವಿ. ರಾಶಿ ಮಾಡುವ ಯಂತ್ರಕ್ಕೆ ಕೈ ಸಿಲುಕುವುದು, ಟ್ರ್ಯಾಕ್ಟರಿನ ತಿರುಗುವ ದಂಡಕ್ಕೆ ಸೀರೆ ಅಥವಾ ಧೋತರ ಸುತ್ತಿಕೊಳ್ಳುವುದು, ಹೊಲದ ಬದುವಿನಲ್ಲಿ ಟ್ರ್ಯಾಕ್ಟರು ಮಗುಚುವುದು, ಜೋತುಬಿದ್ದ ತಂತಿ ತಾಗುವುದು, ಕಾಡುಹಂದಿ ತಡೆಯಲು ಅಕ್ರಮವಾಗಿ ವಿದ್ಯುತ್ತು ಹರಿಸಿದ ಬೇಲಿಗೆ ಕಾಲು ತಗಲುವುದು ಇಲ್ಲಿನ ಬೇಸಾಯದ ಬದುಕಿಗೆ ಅಂಟಿಕೊಂಡ ಅಪಾಯಗಳು. 2014ರಿಂದ ಕೃಷಿಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳಲ್ಲಿ ನೀರು ಇಂಗದಂತೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಅದರ ಇಳಿಜಾರು ಒದ್ದೆಯಾದಾಗ ಈಜು ಬಲ್ಲವರೂ ಹತ್ತಿ ಬರಲಾರದಷ್ಟು ಜಾರುತ್ತದೆ, ಆದ್ದರಿಂದ ಸುತ್ತ ಬೇಲಿಯೂ ಒಳಗೆ ಗಂಟುಹಾಕಿದ ಹಗ್ಗವೂ ಇರಲೇಬೇಕು. ಮುಚ್ಚದೆ ಬಿಟ್ಟ ಕೊಳವೆಬಾವಿಗಳು ಮಕ್ಕಳ ಪಾಲಿಗೆ ಮೃತ್ಯುಕೂಪಗಳು. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕಿಯನ್ನು ಎರಡು ದಿನಕ್ಕೂ ಹೆಚ್ಚು ಕಾಲ ನಡೆದ ಕಾರ್ಯಾಚರಣೆಯ ನಂತರವೂ ಉಳಿಸಲಾಗಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸನ್ನು ಸುಮಾರು ಇಪ್ಪತ್ತು ತಾಸುಗಳ ಬಳಿಕ ಜೀವಂತವಾಗಿ ಹೊರತೆಗೆಯಲಾಯಿತು. ಕೊರೆಯುವ ಮುನ್ನ ಹದಿನೈದು ದಿನ ಮೊದಲೇ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು, ಫಲಕ ಮತ್ತು ಮುಳ್ಳುತಂತಿಯ ಬೇಲಿ ಹಾಕುವುದು, ಕೊಳವೆಯ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯುವುದು, ಬಿಟ್ಟ ಬಾವಿಯನ್ನು ಮಣ್ಣು ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬುವುದು ಇವೆಲ್ಲವೂ ಸುಪ್ರೀಂ ಕೋರ್ಟು 2010ರಲ್ಲಿಯೇ ವಿಧಿಸಿದ ಕ್ರಮಗಳು.

ರಸ್ತೆ ಮತ್ತು ಯಾತ್ರೆ. ಪುಣೆ ಮತ್ತು ಬೆಂಗಳೂರುಗಳನ್ನು ಬೆಸೆಯುವ ರಾಷ್ಟ್ರೀಯ ಹೆದ್ದಾರಿ 48 ಎಂ.ಕೆ. ಹುಬ್ಬಳ್ಳಿ ಮತ್ತು ಕಿತ್ತೂರುಗಳನ್ನು ಹಾದುಹೋಗುತ್ತದೆ. ಅಲ್ಲಿ ಗಸ್ತು ವಾಹನ, ಆಂಬುಲೆನ್ಸ್ ಮತ್ತು ಕಿಲೋಮೀಟರು ಕಲ್ಲುಗಳಿವೆ; ಒಳರಸ್ತೆಗಳಲ್ಲಿ ಇಂಥ ಏರ್ಪಾಡು ಕಡಿಮೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ಖಾನಪೇಟ ಮೊದಲಾದ ಕಡೆಗಳ ಕಾರ್ಖಾನೆಗಳತ್ತ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಇಡೀ ರಾತ್ರಿ ಸಾಗುತ್ತವೆ. ಹಿಂದೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ದಾರಿಯಲ್ಲಿ ಕೆಟ್ಟುನಿಂತ ಟ್ರೇಲರು ಬೈಕ್ ಸವಾರರಿಗೆ ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳಿಗೆ ಕರ್ನಾಟಕ ಮಹಾರಾಷ್ಟ್ರಗಳ ಲಕ್ಷಾಂತರ ಭಕ್ತರು ಕಾಲ್ನಡಿಗೆ, ಚಕ್ಕಡಿ, ಟೆಂಪೊಗಳಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬರುತ್ತಾರೆ. 2023ರ ಜನವರಿ ಮೊದಲ ವಾರದಲ್ಲಿ, ಬನದ ಹುಣ್ಣಿಮೆಯ ಮುನ್ನಾದಿನಗಳಲ್ಲಿ, ರಾಮದುರ್ಗ ತಾಲ್ಲೂಕಿನ ಹುಲಕುಂದದಿಂದ ಗುಡ್ಡಕ್ಕೆ ಹೊರಟ ಭಕ್ತರಿದ್ದ ಸರಕು ವಾಹನ ಚಿಂಚನೂರಿನ ಬಳಿ ರಾತ್ರಿ ಮರಕ್ಕೆ ಅಪ್ಪಳಿಸಿ ಆರು ಜನ ಸತ್ತರು. ಸರಕು ವಾಹನದಲ್ಲಿ ಜನರನ್ನು ಕೂರಿಸುವುದು, ರಾತ್ರಿ ಪ್ರಯಾಣ, ದೀಪವಿಲ್ಲದ ಇಕ್ಕಟ್ಟಾದ ರಸ್ತೆ ಎಂಬ ಮೂರೂ ಅಪಾಯಗಳು ಯಾತ್ರೆಯ ದಿನಗಳಲ್ಲಿ ಒಂದೆಡೆ ಕೂಡುತ್ತವೆ.

ಸಹಾಯವಾಣಿಗಳು ಮತ್ತು ಅವುಗಳ ಕಾರ್ಯವಿಧಾನ

ಇಂದಿನ ತುರ್ತು ಸಂದೇಶ ಜಾಲದ ಮುಖ್ಯ ಸಂಖ್ಯೆ 112. ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸೇವೆಗಳಿಗೆ ಒಂದೇ ಸಂಖ್ಯೆ ಇರಬೇಕೆಂಬ ಉದ್ದೇಶದ ಈ ರಾಷ್ಟ್ರೀಯ ವ್ಯವಸ್ಥೆ 2018ರಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಆರಂಭವಾಗಿ ಆಮೇಲೆ ಕರ್ನಾಟಕಕ್ಕೂ ಬಂದಿತು. ತನ್ನ ಸಿಮ್ಮಿನ ಕಂಪನಿಯ ಸಂಕೇತ ಸಿಗದ ಜಾಗದಲ್ಲಿಯೂ ಬೇರೊಂದು ಕಂಪನಿಯ ಟವರಿನ ಮೂಲಕ ಫೋನು ಈ ತುರ್ತು ಕರೆಯನ್ನು ಸಾಗಿಸಬಲ್ಲದೆಂಬುದು ಗುಡ್ಡಗಾಡಿನ ಜನರಿಗೆ ತಿಳಿದಿರಬೇಕಾದ ಮುಖ್ಯ ಸಂಗತಿ. ಆಂಬುಲೆನ್ಸಿಗಾಗಿ 108 ಸಂಖ್ಯೆಯ ಆರೋಗ್ಯ ಕವಚ ಸೇವೆ ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಅಗ್ನಿಶಾಮಕ ದಳಕ್ಕೆ 101, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ರಾಷ್ಟ್ರೀಯ ಹೆದ್ದಾರಿಯ ಅಪಘಾತಗಳಿಗೆ 1033, ವಿದ್ಯುತ್ ತಂತಿ ಕಡಿದು ಬಿದ್ದಾಗ ಹೆಸ್ಕಾಂ ಸಂಸ್ಥೆಯ 1912 ಬಳಕೆಯಲ್ಲಿವೆ.

ಕರೆ ಮಾಡಿದವನ ಮಾತನ್ನು ಆಲಿಸುವವರು ದೂರದ ಕೇಂದ್ರದಲ್ಲಿ ಕುಳಿತಿರುತ್ತಾರೆ, ಅವರಿಗೆ ಊರಿನ ಪರಿಚಯ ಇರುವುದಿಲ್ಲ. ಇಲ್ಲಿನ ಊರುಗಳ ಹೆಸರುಗಳೇ ಗೊಂದಲಕ್ಕೆ ಎಡೆಕೊಡುತ್ತವೆ: ಬೈಲಹೊಂಗಲವೂ ಸವದತ್ತಿ ಸೀಮೆಯ ಇನಾಮಹೊಂಗಲವೂ ಬೇರೆ, ಎಂ.ಕೆ. ಹುಬ್ಬಳ್ಳಿಯೂ ಧಾರವಾಡ ಜಿಲ್ಲೆಯ ಹುಬ್ಬಳ್ಳಿಯೂ ಬೇರೆ, ಬೆಳವಡಿ ಎಂಬ ಊರು ಈ ಸೀಮೆಯಲ್ಲಿರುವಂತೆಯೇ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇದೆ. ಬೈಲಹೊಂಗಲದಿಂದ ಕಿತ್ತೂರು, ಸವದತ್ತಿಯಿಂದ ಯರಗಟ್ಟಿ ಪ್ರತ್ಯೇಕ ತಾಲ್ಲೂಕುಗಳಾದ ಮೇಲೆ ಹಳೆಯ ತಾಲ್ಲೂಕಿನ ಹೆಸರನ್ನೇ ಹೇಳುವ ಜನರೂ ಹೊಸ ಪಟ್ಟಿಯನ್ನು ನೋಡುವ ಸಿಬ್ಬಂದಿಯೂ ಒಬ್ಬರಿಗೊಬ್ಬರು ಅರ್ಥವಾಗದೆ ಹೊತ್ತು ಕಳೆಯಬಹುದು. ಆದ್ದರಿಂದ ಜಿಲ್ಲೆ, ತಾಲ್ಲೂಕು, ಊರು, ಸಮೀಪದ ಗುಡಿ ಅಥವಾ ಶಾಲೆ ಎಂಬ ಕ್ರಮದಲ್ಲಿ ಜಾಗ ಹೇಳಿ, ಆಮೇಲೆ ಏನಾಯಿತು, ಎಷ್ಟು ಜನ, ಪ್ರಜ್ಞೆ ಇದೆಯೇ, ಉಸಿರಾಟ ಹೇಗಿದೆ ಎಂಬುದನ್ನು ತಿಳಿಸಿ, ಆ ಕಡೆಯವರು ಮುಗಿಸುವ ತನಕ ಕರೆ ಕಡಿಯದಿರುವುದು ಉತ್ತಮ ಪದ್ಧತಿ.

ಹೊಲದ ನಡುವೆ ಗುಡಿಯೂ ಶಾಲೆಯೂ ಇಲ್ಲದಿರುವಾಗ ಗುರುತಿಗೆ ಒದಗುವ ಬೇರೆ ವಸ್ತುಗಳಿವೆ. ಜನರು ಟಿ.ಸಿ. ಎಂದು ಕರೆಯುವ ವಿದ್ಯುತ್ ಪರಿವರ್ತಕ, ಅದರ ಮೇಲೆ ಬರೆದಿದ್ದರೆ ಅದರ ಸಂಖ್ಯೆ, ಕಾಲುವೆಯ ಮೇಲಿನ ಕಿಲೋಮೀಟರು ಗುರುತು, ಹೊಲದ ಸರ್ವೆ ಸಂಖ್ಯೆ ಇವೆಲ್ಲವೂ ಒಂದೊಂದು ವಿಳಾಸವೇ. ಫೋನಿನ ನಕಾಶೆಯಿಂದ ತಾನಿರುವ ಬಿಂದುವನ್ನು ಸಂದೇಶವಾಗಿ ಕಳಿಸಿ, ಡಾಂಬರು ರಸ್ತೆಯ ತಿರುವಿನಲ್ಲಿ ಬ್ಯಾಟರಿ ಹಿಡಿದ ಒಬ್ಬ ಮನುಷ್ಯನನ್ನು ನಿಲ್ಲಿಸಿದರೆ ಆಂಬುಲೆನ್ಸು ದಾರಿ ತಪ್ಪುವುದಿಲ್ಲ. ಕೊಳ್ಳಗಳಲ್ಲಿ ಮಾತಿನ ಕರೆ ತಾಗದಿರುವಾಗ ಚಿಕ್ಕ ಲಿಖಿತ ಸಂದೇಶ ಹೋಗಬಲ್ಲದು, ಏಕೆಂದರೆ ಕ್ಷಣಮಾತ್ರದ ಸಂಕೇತವೂ ಅದಕ್ಕೆ ಸಾಕು. ಕೊಳ್ಳದಿಂದ ಮೇಲೇರಿ ದಿಬ್ಬದ ನೆತ್ತಿಗೆ ಬಂದರೆ ಕರೆಯೂ ಸಾಧ್ಯವಾಗುತ್ತದೆ.

ಮುನ್ಸೂಚನೆಯ ಜಾಲ

ಅಪಘಾತವಾದ ಮೇಲಿನ ಕರೆಗಿಂತ ಅದಕ್ಕೆ ಮುಂಚಿನ ಎಚ್ಚರಿಕೆ ಹೆಚ್ಚು ಜೀವ ಉಳಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿ ಮಟ್ಟದಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಸ್ಥಾಪಿಸಿದೆ, ಸಿಡಿಲಿನ ಮುನ್ಸೂಚನೆಗಾಗಿ ‘ಸಿಡಿಲು’ ಎಂಬ ಮೊಬೈಲ್ ಆ್ಯಪ್ ಒದಗಿಸಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಇದೇ ಬಗೆಯ ಇನ್ನೊಂದು ಆ್ಯಪ್. 2023ರ ಅಕ್ಟೋಬರ್ 12ರಂದು ಕರ್ನಾಟಕದ ಮೊಬೈಲುಗಳಲ್ಲಿ ಜೋರಾದ ಸದ್ದಿನೊಂದಿಗೆ ಮೂಡಿದ ಸಂದೇಶ, ಸೆಲ್ ಬ್ರಾಡ್‌ಕಾಸ್ಟ್ ಎಂಬ ವಿಧಾನದ ಪ್ರಯೋಗವಾಗಿತ್ತು. ಸಾಮಾನ್ಯ ಎಸ್‌ಎಂಎಸ್ ಒಂದೊಂದು ಸಂಖ್ಯೆಗೂ ಬೇರೆಬೇರೆಯಾಗಿ ಹೋಗಬೇಕು. ಈ ವಿಧಾನದಲ್ಲಿ ಟವರಿನ ವ್ಯಾಪ್ತಿಯಲ್ಲಿರುವ ಎಲ್ಲ ಫೋನುಗಳಿಗೂ ಏಕಕಾಲದಲ್ಲಿ ಸಂದೇಶ ಬಿತ್ತರವಾಗುವುದರಿಂದ ಜಾಲದ ದಟ್ಟಣೆ ಅಡ್ಡಿಯಾಗುವುದಿಲ್ಲ, ಯಾತ್ರೆಗೆ ಬಂದ ಪರಊರಿನವರಿಗೂ ಎಚ್ಚರಿಕೆ ಮುಟ್ಟುತ್ತದೆ.

ಜಲಾಶಯದಿಂದ ನೀರು ಬಿಡುವ ಸುದ್ದಿ ನೀರಾವರಿ ಎಂಜಿನಿಯರುಗಳಿಂದ ಜಿಲ್ಲಾಡಳಿತಕ್ಕೆ, ಅಲ್ಲಿಂದ ತಹಶೀಲ್ದಾರರು, ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು ಮತ್ತು ಗ್ರಾಮ ಆಡಳಿತ ಅಧಿಕಾರಿಗಳಿಗೆ ಇಳಿದು, ಕೊನೆಗೆ ಡಂಗುರವಾಗಿ ಜನರ ಕಿವಿಗೆ ಬೀಳುತ್ತದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ಈ ಸರಪಳಿಯ ಹೊಣೆ ಇದೆ. ಇಷ್ಟು ಕ್ಯೂಸೆಕ್ ನೀರು ಬಿಡಲಾಗುವುದೆಂಬ ಪ್ರಕಟಣೆ ಎಂಜಿನಿಯರಿಗೆ ಅರ್ಥವಾಗುತ್ತದೆಯೇ ಹೊರತು ಪಂಪ್‌ಸೆಟ್ಟು ತೆಗೆಯಬೇಕೋ ಬೇಡವೋ ಎಂದು ಯೋಚಿಸುವ ರೈತನಿಗೆ ಅರ್ಥವಾಗುವುದಿಲ್ಲ. ಯಾವ ಸೇತುವೆ ಎಷ್ಟು ಹೊತ್ತಿಗೆ ಮುಳುಗುತ್ತದೆ, ನೀರು ಯಾವ ಗುಡಿಯ ಮೆಟ್ಟಿಲಿನವರೆಗೆ ಬರುತ್ತದೆ ಎಂದು ಹೇಳಿದಾಗಲೇ ಎಚ್ಚರಿಕೆ ಸಾರ್ಥಕ. 2009 ಮತ್ತು 2019ರ ನೀರಿನ ಮಟ್ಟವನ್ನು ಊರಿನ ಗೋಡೆಗಳ ಮೇಲೆ ಬಣ್ಣದಲ್ಲಿ ಗುರುತಿಸಿ ಇಡುವುದು ಇದಕ್ಕೆ ಅತ್ಯಂತ ಅಗ್ಗದ ಸಾಧನ.

ಆಸ್ಪತ್ರೆಗೆ ಸಾಗಣೆ

ಅಪಘಾತದ ನಂತರದ ಮೊದಲ ಒಂದು ತಾಸನ್ನು ವೈದ್ಯರು ಸುವರ್ಣ ಸಮಯವೆನ್ನುತ್ತಾರೆ. ಆ ಅವಧಿಯಲ್ಲಿ ರಕ್ತಸ್ರಾವ ನಿಲ್ಲಿಸಿ ಉಸಿರಾಟ ಕಾಪಾಡಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಬೈಲಹೊಂಗಲ, ಸವದತ್ತಿ ಮತ್ತು ರಾಮದುರ್ಗಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ದೊಡ್ಡ ಶಸ್ತ್ರಚಿಕಿತ್ಸೆ, ಕೃತಕ ಉಸಿರಾಟ, ತಲೆಪೆಟ್ಟಿನ ಚಿಕಿತ್ಸೆಗಳಿಗೆ ಬೆಳಗಾವಿ, ಧಾರವಾಡ ಅಥವಾ ಹುಬ್ಬಳ್ಳಿಗೆ ಹೋಗಬೇಕು. ಸವದತ್ತಿಯಿಂದ ಧಾರವಾಡ ಸುಮಾರು 40 ಕಿಲೋಮೀಟರಾದರೆ ಜಿಲ್ಲಾ ಕೇಂದ್ರವಾದ ಬೆಳಗಾವಿ ಅದರ ಇಮ್ಮಡಿ ದೂರದಲ್ಲಿದೆ, ರಾಮದುರ್ಗದಿಂದ ಬೆಳಗಾವಿಗೆ ಇನ್ನೂ ದೂರ. ಆಡಳಿತದ ಗೆರೆ ಒಂದು ಕಡೆಗೂ ಹತ್ತಿರದ ದಾರಿ ಇನ್ನೊಂದು ಕಡೆಗೂ ಇರುವುದರಿಂದ ಗಾಯಾಳುವನ್ನು ಯಾವ ನಗರಕ್ಕೆ ಒಯ್ಯಬೇಕೆಂಬುದನ್ನು ಜಿಲ್ಲೆಯ ಗಡಿಯಿಂದಲ್ಲ, ತಗಲುವ ಹೊತ್ತಿನಿಂದ ನಿರ್ಧರಿಸಬೇಕು.

ಹಾವು ಕಡಿದವರನ್ನು ಮಾತ್ರ ದೊಡ್ಡ ನಗರಕ್ಕೆಂದು ಕಾಯದೆ ಪ್ರತಿವಿಷ ಲಭ್ಯವಿರುವ ಅತಿ ಸಮೀಪದ ಸರ್ಕಾರಿ ಆಸ್ಪತ್ರೆಗೆ ಮೊದಲು ಒಯ್ಯುವುದು ಸರಿ. ಅಲ್ಲಿ ರೋಗಿಯ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟು, ಅದು ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆಯೆಂದು ತಿಳಿಯುವ ಸರಳ ಪರೀಕ್ಷೆಯನ್ನು ಮಾಡಿ ಕೂಡಲೇ ಪ್ರತಿವಿಷ ಕೊಡಬಹುದು. ಹೊರಡುವ ಮುನ್ನ ಆಸ್ಪತ್ರೆಗೆ ಫೋನು ಮಾಡಿ ವೈದ್ಯರೂ ಔಷಧವೂ ಇರುವುದನ್ನು ಖಚಿತಪಡಿಸಿಕೊಂಡರೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.

ಆಂಬುಲೆನ್ಸು ಊರಿನ ಅಗಸೆಯವರೆಗೆ ಬಂದರೂ ಅಲ್ಲಿಂದ ತೋಟದ ಮನೆಯವರೆಗಿನ ಬಂಡಿದಾರಿ ಮಳೆಗಾಲದಲ್ಲಿ ಅದಕ್ಕೆ ದಾಟಲಾಗದ್ದು. ಆಗ ಹೊರಸು ಅಥವಾ ಕಂಬಳಿಯ ಜೋಲಿಯಲ್ಲಿ ಹೊತ್ತು ತರುವುದು, ಟ್ರ್ಯಾಕ್ಟರಿನಲ್ಲಿ ಮಲಗಿಸಿ ತರುವುದು ಅನಿವಾರ್ಯವಾಗುತ್ತದೆ. ಬೆನ್ನೆಲುಬಿಗೆ ಪೆಟ್ಟಾಗಿರುವ ಶಂಕೆ ಇದ್ದರೆ ಬಾಗಿಲ ಹಲಗೆಯಂಥ ಗಟ್ಟಿ ಮೈಯ ಮೇಲೆ, ಕುತ್ತಿಗೆ ಹೊರಳದಂತೆ ಎರಡೂ ಬದಿ ಬಟ್ಟೆಯ ಸುರುಳಿಯಿಟ್ಟು, ಕನಿಷ್ಠ ನಾಲ್ವರು ಒಟ್ಟಿಗೆ ಎತ್ತಬೇಕು. ಉದ್ಯೋಗ ಖಾತರಿಯ ಹಣದಿಂದ ಹೊಲದ ರಸ್ತೆಗಳನ್ನು ಗಟ್ಟಿಮಾಡುವ ‘ನಮ್ಮ ಹೊಲ ನಮ್ಮ ದಾರಿ’ ಯೋಜನೆ ಬೆಳೆ ಸಾಗಿಸುವುದಕ್ಕೆಂದು ರೂಪುಗೊಂಡದ್ದಾದರೂ, ಈ ಕಾರಣದಿಂದ ಅದನ್ನು ಜೀವರಕ್ಷಣೆಯ ಯೋಜನೆಯೆಂದೂ ಎಣಿಸಬೇಕು.

ನೆರವಾಗುವವರಿಗೆ ಕಾನೂನಿನ ರಕ್ಷಣೆ

ಪೊಲೀಸ್ ವಿಚಾರಣೆ ಮತ್ತು ಕೋರ್ಟು ಕಚೇರಿಗಳ ಅಲೆದಾಟಕ್ಕೆ ಹೆದರಿ ದಾರಿಹೋಕರು ಗಾಯಾಳುವನ್ನು ಮುಟ್ಟದೆ ಸಾಗುವುದು ದೇಶದಾದ್ಯಂತ ಇದ್ದ ರೋಗ. ಇದಕ್ಕೆ ಮದ್ದಾಗಿ ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲಿ ಪರೋಪಕಾರಿಗಳ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲ ಈ ಕುರಿತು ಪ್ರತ್ಯೇಕ ಕಾಯ್ದೆಯನ್ನು ಅಂಗೀಕರಿಸಿ ದೇಶಕ್ಕೆ ಮೇಲ್ಪಂಕ್ತಿಯಾಯಿತು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಮು, ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲವೆಂದೂ ಅವರ ಹೆಸರು ವಿಳಾಸ ಕೊಡುವಂತೆ ಬಲವಂತ ಮಾಡುವಂತಿಲ್ಲವೆಂದೂ ನಿಯಮಗಳ ಮೂಲಕ ಖಾತರಿಪಡಿಸುತ್ತದೆ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ. ಸಿಡಿಲು, ಪ್ರವಾಹಗಳಂಥ ವಿಕೋಪಗಳಲ್ಲಿ ಸತ್ತವರ ಕುಟುಂಬಕ್ಕೆ ವಿಪತ್ತು ಪರಿಹಾರ ನಿಧಿಯಿಂದ 4 ಲಕ್ಷ ರೂಪಾಯಿ ಪರಿಹಾರವಿದೆ. ಇದಕ್ಕೆ ಮರಣೋತ್ತರ ಪರೀಕ್ಷೆಯ ವರದಿ ಆಧಾರವಾಗುವುದರಿಂದ, ಸುದ್ದಿಯನ್ನು ಕೂಡಲೇ ಪೊಲೀಸರಿಗೆ ಮತ್ತು ತಹಶೀಲ್ದಾರರಿಗೆ ತಿಳಿಸುವುದು ಕುಟುಂಬದ ಮುಂದಿನ ಬದುಕಿಗೂ ಅಗತ್ಯ.

ಬೇರೆಡೆಯ ವಿಧಾನಗಳು

ಯುರೋಪಿನ ಆಲ್ಪ್ಸ್ ಪರ್ವತಗಳಲ್ಲಿ ನಿಮಿಷಕ್ಕೆ ಆರು ಸಲ ಸೀಟಿ ಊದುವುದು ಅಥವಾ ದೀಪ ತೋರುವುದು, ಒಂದು ನಿಮಿಷ ಬಿಟ್ಟು ಮತ್ತೆ ಹಾಗೆಯೇ ಮಾಡುವುದು ಅಪಾಯದ ಕರೆಯೆಂದು ರೂಢಿಯಾಗಿದೆ. ಫೋನು ಸತ್ತಾಗಲೂ ಕೆಲಸಕ್ಕೆ ಬರುವ ಈ ಸಂಕೇತವನ್ನು ಶಾಲೆಯ ಮಕ್ಕಳಿಗೂ ಕುರಿಗಾಹಿಗಳಿಗೂ ಕಲಿಸಬಹುದು. ಹಡಗು, ವಿಮಾನ ಮತ್ತು ಏಕಾಂಗಿ ಪ್ರಯಾಣಿಕರು ಒಯ್ಯುವ ಪುಟ್ಟ ಸಾಧನಗಳು 406 ಮೆಗಾಹರ್ಟ್ಸ್ ತರಂಗದಲ್ಲಿ ಕಳಿಸುವ ಕರೆಯನ್ನು ಉಪಗ್ರಹಗಳ ಮೂಲಕ ಹಿಡಿಯುವ ಕೋಸ್ಪಾಸ್-ಸಾರ್ಸ್ಯಾಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ 1982ರಿಂದ ಜೀವಗಳನ್ನು ಉಳಿಸುತ್ತಿದೆ. ಅದರ ಭಾರತೀಯ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್ ಘಟಕದಲ್ಲಿದೆ. ಉಪಗ್ರಹ ಫೋನುಗಳನ್ನು ಭಾರತದಲ್ಲಿ ಸರ್ಕಾರದ ಪರವಾನಗಿಯಿಲ್ಲದೆ ಬಳಸುವುದು ಅಪರಾಧವಾದ್ದರಿಂದ ಸಾಮಾನ್ಯ ಜನರಿಗೆ ಅವು ಒದಗುವುದಿಲ್ಲ. ಪರೀಕ್ಷೆ ಬರೆದು ಪರವಾನಗಿ ಪಡೆಯುವ ಹವ್ಯಾಸಿ ರೇಡಿಯೊ ಬಳಕೆದಾರರು, ಅಂದರೆ ಹ್ಯಾಮ್‌ಗಳು, ಟವರುಗಳು ನಿಂತುಹೋದ ಪ್ರವಾಹದ ದಿನಗಳಲ್ಲಿ ಸುದ್ದಿ ಸಾಗಿಸಬಲ್ಲರು. ವಿದ್ಯುತ್ತು ಕಡಿದ ಕೆಲವು ತಾಸುಗಳಲ್ಲಿ ಟವರಿನ ಬ್ಯಾಟರಿಯೂ ಬರಿದಾಗುವ ಸಂಭವವಿರುವುದರಿಂದ ಇಂಥ ಎರಡನೆಯ ದಾರಿ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಸಿದ್ಧವಿರಬೇಕು.

ಆಗಬೇಕಾದ ಸುಧಾರಣೆಗಳು

ಈ ನಾಲ್ಕು ತಾಲ್ಲೂಕುಗಳ ಅಗತ್ಯವನ್ನು ದುಬಾರಿ ಯಂತ್ರಗಳ ಪಟ್ಟಿಯಿಂದ ಪೂರೈಸಲಾಗದು. ಪ್ರತಿ ತೋಟದ ಮನೆಗೂ ಒಂದು ಸಂಖ್ಯೆ, ಆ ಸಂಖ್ಯೆ ಆಂಬುಲೆನ್ಸಿನ ನಕಾಶೆಯಲ್ಲಿ ಸೇರುವುದು, ಮುಳುಗುವ ಸೇತುವೆಗಳ ಎರಡೂ ಬದಿಗೆ ಅಳತೆಯ ಕಂಬ ಮತ್ತು ಮಳೆಗಾಲದಲ್ಲಿ ಇಳಿಸಬಲ್ಲ ತಡೆಗೋಲು, ಯಾತ್ರೆಯ ದಾರಿಗಳಲ್ಲಿ ಕಿಲೋಮೀಟರಿಗೊಂದು ಗುರುತಿನ ಫಲಕ, ಟ್ರೇಲರುಗಳಿಗೆ ಹೊಳೆಯುವ ಪಟ್ಟಿ, ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನ ವಿದ್ಯುತ್ತು ಇವು ಕಡಿಮೆ ಖರ್ಚಿನಲ್ಲಿ ಹೆಚ್ಚು ಜೀವ ಉಳಿಸುವ ಕ್ರಮಗಳು. ಇವೆಲ್ಲಕ್ಕೂ ಮಿಗಿಲಾಗಿ ಪ್ರತಿ ಊರಿನಲ್ಲಿ ಹೊಲದ ದಾರಿಗಳನ್ನು ಬಲ್ಲ, ಪ್ರಥಮ ಚಿಕಿತ್ಸೆಯಲ್ಲಿ ತರಬೇತಿ ಪಡೆದ, ಗೌರವಧನ ಪಡೆಯುವ ಇಬ್ಬರಾದರೂ, ಗಂಡಸರಾಗಲಿ ಹೆಂಗಸರಾಗಲಿ, ಇರಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆ ಸ್ವಯಂಸೇವಕರನ್ನು ಹೀಗೆ ತರಬೇತುಗೊಳಿಸುವ ಚೌಕಟ್ಟನ್ನು ಒದಗಿಸಿದೆ, ಆಶಾ ಕಾರ್ಯಕರ್ತೆಯರು ಮತ್ತು ಲೈನ್‌ಮನ್‌ಗಳು ಅದಕ್ಕೆ ಸಹಜವಾಗಿಯೇ ಒದಗುವ ಜನ. ಜಾತಿಯಿಂದ ಹೊರಿಸಿದ ಹಳೆಯ ಊಳಿಗಕ್ಕೆ ಮರಳದೆ, ಸಂಬಳ, ಕಲಿಕೆ ಮತ್ತು ಮರ್ಯಾದೆಗಳೊಂದಿಗೆ ಈ ಹೊಣೆಯನ್ನು ಹೊಸದಾಗಿ ಕಟ್ಟಿದರೆ, ಫೋನಿನಲ್ಲಿ ಹೊರಟ ಸುದ್ದಿಗೂ ಹೊಲದಲ್ಲಿ ಬಿದ್ದ ಮನುಷ್ಯನಿಗೂ ನಡುವೆ ಇಂದು ಉಳಿದಿರುವ ಅಂತರ ಮುಚ್ಚುತ್ತದೆ. ದೂರದ ತೋಟದಲ್ಲಿ ದುಡಿಯುವವರ ಜೀವಕ್ಕೆ ಹೆದ್ದಾರಿಯಲ್ಲಿ ಸಾಗುವವರ ಜೀವದಷ್ಟೇ ಬೆಲೆಯಿದೆಯೆಂಬ ತತ್ವವನ್ನು ಆಡಳಿತ ಒಪ್ಪಿದೆಯೇ ಎಂಬುದಕ್ಕೆ ಈ ಅಂತರ ಎಷ್ಟು ಕಡಿಮೆಯಾಯಿತೆಂಬುದೇ ಅಳತೆಗೋಲು.